ದೇವರ ಚಿತ್ತ ಕೇಳಿದ್ದೀರಿ, ಋಣಭಾರ ಪತ್ರವನ್ನೂ ಕೇಳಿ

ಪ್ರಶ್ನೆ: ನಮ್ಮ ಯಜಮಾನರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ದುಡಿದು ಎರಡು ತಿಂಗಳ ಹಿಂದೆ ನಿವೃತ್ತರಾದರು. ಪಿಎಫ್, ಗ್ರಾಚ್ಯುಟಿ, ರಜೆಯ ಹಣ ಎಲ್ಲ ಸೇರಿ 42 ಲಕ್ಷ ಬಂದಿದೆ. ಪಿಂಚಣಿಯೂ ಇದೆ. ಕ್ವಾರ್ಟರ್ಸ್ ಬಿಡಬೇಕು, ಸ್ವಂತ ಮನೆ ಇಲ್ಲ. ನಮ್ಮ ಮನೆಕೂಟದ ಸಹೋದರರೊಬ್ಬರು ಊರ ಹೊರಗಿನ ಹೊಸ ಬಡಾವಣೆಯಲ್ಲಿ ತಮ್ಮ ಪರಿಚಯದವರ ಮನೆ ತೋರಿಸಿದರು. 30-40 ಸೈಟು, ಕಟ್ಟಿ ನಾಲ್ಕು ವರ್ಷ, ಬೆಲೆ 36 ಲಕ್ಷ. ನಾನು ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದೆ. ಮೂರನೇ ದಿನ ಬೆಳಿಗ್ಗೆ ಸತ್ಯವೇದ ತೆರೆದರೆ ಯೆರೆಮೀಯ 32ನೇ ಅಧ್ಯಾಯ. ಹೊಲವನ್ನು ಕೊಂಡುಕೋ ಎಂಬ ಮಾತೇ ಕಣ್ಣಿಗೆ ಬಿತ್ತು. ಮೈ ಜುಮ್ಮೆಂದಿತು. ಆದರೆ ಯಜಮಾನರಿಗೆ ಸಮಾಧಾನವಿಲ್ಲ. ಬೆಂಗಳೂರಿನಲ್ಲಿರುವ ಮಗ ದುಡ್ಡು ಬ್ಯಾಂಕಿನಲ್ಲಿಡಿ ಅನ್ನುತ್ತಾನೆ. ವಚನ ಸಿಕ್ಕ ಮೇಲೂ ಸಂಶಯಪಡುವುದು ಅವಿಶ್ವಾಸ ಎಂದು ಆ ಸಹೋದರರು ಹೇಳುತ್ತಾರೆ. ಬರುವ ಭಾನುವಾರದೊಳಗೆ 5 ಲಕ್ಷ ಮುಂಗಡ ಕೊಡಬೇಕಂತೆ. ಇದು ದೇವರ ಚಿತ್ತವೋ ಅಲ್ಲವೋ ಹೇಗೆ ತಿಳಿಯಲಿ? ಮನೆ ಕೊಳ್ಳುವ ಮೊದಲು ಈ ಹಣದ ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತನೇ ಒಂದು ಪಾಲು, ತೆಗೆಯಬೇಕೆ? ಕರಾರು ಪತ್ರದ ಝೆರಾಕ್ಸ್ ಇದರ ಜೊತೆಗಿದೆ.
— ಒಬ್ಬ ಸಹೋದರಿ, ಹುಬ್ಬಳ್ಳಿ

ಉತ್ತರ: ಸಹೋದರಿ, ಮೊದಲು ಒಂದು ಮಾತು. ಈ ಭಾನುವಾರ 5 ಲಕ್ಷ ಕೊಡಬೇಡಿ. ಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ಭಾನುವಾರ ಕೊಡಬೇಡಿ ಎಂದಷ್ಟೇ ಹೇಳುತ್ತಿದ್ದೇನೆ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು 27 ವರ್ಷ ಬ್ಯಾಂಕಿನಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಸಾಲ ವಿಭಾಗದಲ್ಲಿ, ಜನರ ಮನೆ-ಹೊಲದ ಪತ್ರಗಳನ್ನು ಓದುವ ಕೆಲಸ. ನಿವೃತ್ತಿಯ ನಂತರ ಸಭೆಗಳಲ್ಲಿ ಕುಟುಂಬಗಳ ಜೊತೆ ಕೂತು ಹಣದ ವಿಷಯ ಮಾತಾಡುತ್ತೇನೆ. ನಿಮ್ಮಂಥ ಪ್ರಶ್ನೆ ವರ್ಷಕ್ಕೆ ಹತ್ತಾರು ಬರುತ್ತವೆ. ಕೇಳುವವರು ಮನೆಯ ಬಗ್ಗೆ ಕೇಳುತ್ತಾರೆ, ಆದರೆ ಒಳಗಿರುವ ಚಿಂತೆ ಬೇರೆ. 34 ವರ್ಷದ ಬೆವರು ಒಂದೇ ಸಹಿಯಲ್ಲಿ ಹೋಗಿಬಿಟ್ಟರೆ? ತಪ್ಪಾದರೆ ಮನೆಯಲ್ಲಿ ಯಾರು ಯಾರನ್ನು ದೂರಬೇಕು? ದೇವರೇ ಹೇಳಿದ್ದು ಎಂದಾದರೆ ಆ ಭಾರ ನಮ್ಮ ಹೆಗಲಿನಿಂದ ಇಳಿದಂತೆ ಅನ್ನಿಸುತ್ತದೆ. ಗುರುತು ಬೇಡುವ ಆಸೆ ಹುಟ್ಟುವುದು ಹೆಚ್ಚಾಗಿ ಈ ಭಯದಿಂದ. ಭಯಪಡುವುದು ಪಾಪವಲ್ಲ. ಭಯವನ್ನೇ ದೇವರ ಸ್ವರ ಎಂದುಕೊಂಡಾಗ ಅಥವಾ ಭಯ ತಪ್ಪಿಸಿಕೊಳ್ಳಲು ಸಿಕ್ಕಿದ ಮೊದಲ ವಚನವನ್ನು ಹಿಡಿದುಕೊಂಡಾಗ ತೊಂದರೆ ಶುರುವಾಗುತ್ತದೆ.

ನಿಮಗೆ ಸಿಕ್ಕ ವಚನದ ಬಗ್ಗೆ ಹೇಳುತ್ತೇನೆ. ದೇವರು ಆ ಬೆಳಿಗ್ಗೆ ನಿಮ್ಮೊಡನೆ ಮಾತಾಡಲಿಲ್ಲ ಎನ್ನಲು ನಾನು ಯಾರು? ಆದರೂ ಎರಡು ಸಂಗತಿ ತಿಳಿದಿರಲಿ. ದಪ್ಪ ಸತ್ಯವೇದವನ್ನು ನಡುಭಾಗಕ್ಕೆ ತೆರೆದರೆ ಕೀರ್ತನೆಗಳಿಂದ ಯೆರೆಮೀಯದವರೆಗಿನ ಯಾವುದೋ ಪುಟ ಸಿಗುವುದು ಸಹಜ. ಮನಸ್ಸಿನ ತುಂಬ ಮನೆಯೇ ಇರುವಾಗ, ಪುಟದಲ್ಲಿರುವ ನೂರು ಮಾತಿನಲ್ಲಿ ಕಣ್ಣು 'ಕೊಂಡುಕೋ' ಎಂಬಲ್ಲೇ ನಿಲ್ಲುವುದೂ ಸಹಜ. ಅದೇ ಯೆರೆಮೀಯನ 22ನೇ ಅಧ್ಯಾಯ ತೆರೆದಿದ್ದರೆ, ಅನ್ಯಾಯದಿಂದ ಮನೆ ಕಟ್ಟುವವನಿಗೆ ಅಯ್ಯೋ ಎಂಬ ಮಾತು ಸಿಗುತ್ತಿತ್ತು. ಆಗ ಈ ಮನೆ ಬೇಡವೆಂದು ಬಿಡುತ್ತಿದ್ದಿರಾ? ಅದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಹೀಗೆ ಗುರುತಿನಿಂದ ಚಿತ್ತ ತಿಳಿಯುವ ಪದ್ಧತಿ ಹೊಸದಲ್ಲ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಚೀಟಿ ತೆಗೆಯುತ್ತೇವಲ್ಲ, ಅದನ್ನು ವರ್ಷವಿಡೀ ಸತ್ಯವೇದದೊಳಗೆ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಜರ್ಮನಿಯ ಹೆರ್ನ್‌ಹುಟ್‌ನ ಮೊರಾವಿಯನ್ ಸಭೆಯವರು ಚೀಟಿ ಎತ್ತಿಯೇ ಪ್ರತಿದಿನದ ವಚನ ಆರಿಸಿ 1731ರಿಂದ ಪುಸ್ತಕವಾಗಿ ಅಚ್ಚು ಹಾಕಿಸುತ್ತ ಬಂದಿದ್ದಾರೆ. ಒಂದು ಕಾಲದಲ್ಲಿ ಅವರು ಮದುವೆಯ ಸಂಬಂಧವನ್ನೂ ಚೀಟಿಯಿಂದ ನಿರ್ಧರಿಸುತ್ತಿದ್ದರು. ಪ್ರತಿದಿನದ ವಚನ ಇಂದಿಗೂ ಉಳಿದಿದೆ. ಮದುವೆಯ ಚೀಟಿಯನ್ನು ಅವರೇ ಅನುಭವದಿಂದ ಕೈಬಿಟ್ಟರು. ಆರಾಧನೆಗೆ ಒಂದು ವಚನ ಪಡೆಯುವುದು ಬೇರೆ, ಬದುಕಿನ ತೀರ್ಮಾನವನ್ನು ಅದರ ಮೇಲೆ ಹೊರಿಸುವುದು ಬೇರೆ ಎಂದು ಅವರಿಗೆ ತಿಳಿಯಿತು. ಅಪೊಸ್ತಲರೂ ಒಮ್ಮೆ ಚೀಟು ಹಾಕಿದರು, ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸುವಾಗ. ಆದರೆ ಅದು ಪಂಚಾಶತ್ತಮ ದಿನಕ್ಕೆ ಮುಂಚೆ. ಪವಿತ್ರಾತ್ಮನು ಇಳಿದ ಮೇಲೆ ಶಿಷ್ಯರು ಚೀಟು ಹಾಕಿದ ಒಂದು ಉದಾಹರಣೆಯೂ ಹೊಸ ಒಡಂಬಡಿಕೆಯಲ್ಲಿಲ್ಲ. ಅವರು ಕೂಡಿ ಕೂತು ಚರ್ಚಿಸಿದರು, ಭಿನ್ನಾಭಿಪ್ರಾಯ ಬಂತು, ಒಮ್ಮತಕ್ಕೆ ಬಂದರು. ಉಣ್ಣೆ ಹಾಸಿ ಮಂಜಿನ ಗುರುತು ಬೇಡಿದ ಗಿದ್ಯೋನನ ಕಥೆಯನ್ನೂ ಜನ ಹೇಳುತ್ತಾರೆ. ಆ ಕಥೆಯಲ್ಲಿ ದೇವರ ಆಜ್ಞೆ ಮೊದಲೇ ಸ್ಪಷ್ಟವಾಗಿತ್ತು. ಗಿದ್ಯೋನನು ಉಣ್ಣೆ ಹಾಸಿದ್ದು ಧೈರ್ಯ ಸಾಲದೆ. ಎರಡನೇ ಸಲ ಕೇಳುವಾಗ, ಕೋಪಿಸಿಕೊಳ್ಳಬೇಡ ಎಂದು ಅವನೇ ಬೇಡಿಕೊಳ್ಳುತ್ತಾನೆ.

ಈಗ ನಿಮ್ಮ ಅಧ್ಯಾಯಕ್ಕೇ ಬರೋಣ. ನಿಮಗೆ ಸಿಕ್ಕಿದ್ದು ಒಂದು ವಾಕ್ಯ. ನಾನು ಕೇಳಿಕೊಳ್ಳುವುದಿಷ್ಟೆ, ಅಧ್ಯಾಯ ಪೂರ್ತಿ ಓದಿ. ಹಣ-ಆಸ್ತಿಯ ವಿಷಯಕ್ಕೆ ಇಡೀ ಸತ್ಯವೇದದಲ್ಲಿ ಇಷ್ಟು ಹತ್ತಿರದ ಅಧ್ಯಾಯ ಇನ್ನೊಂದು ಸಿಗಲಿಕ್ಕಿಲ್ಲ.

ಸನ್ನಿವೇಶ ನೋಡಿ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯನು ಅರಮನೆಯ ಕಾವಲಿನವರ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿಗೆ ಕೂಗಳತೆಯ ಊರು, ಅಂದರೆ ಶತ್ರುವಿನ ಕೈಯಲ್ಲಿರುವ ನೆಲ. ಇದರಲ್ಲಿ ಲಾಭದ ಮಾತೇ ಇಲ್ಲ. ಈ ದೇಶದಲ್ಲಿ ಮನೆಗಳನ್ನೂ ಹೊಲಗಳನ್ನೂ ಜನ ಮತ್ತೆ ಕೊಳ್ಳುವರು ಎಂದು ಸೋತ ಜನಕ್ಕೆ ಸಾರಲು ಒಬ್ಬ ಪ್ರವಾದಿ ತನ್ನ ಹಣ ಕಳೆದುಕೊಳ್ಳಲು ಒಪ್ಪಿದ ಪ್ರಸಂಗ ಅದು. ಹೊಸ ಬಡಾವಣೆಯ ಮನೆಗೆ ಆ ವಾಕ್ಯವನ್ನು ನೇರವಾಗಿ ಅಂಟಿಸುವುದು ಕಷ್ಟ.

ಆದರೆ ಅವನು ಕೊಂಡ ರೀತಿ ನಮಗೆ ನೇರವಾಗಿ ಅನ್ವಯಿಸುತ್ತದೆ. ಹನಮೇಲ ಬರುತ್ತಾನೆಂದು ಕರ್ತನು ಮುಂಚೆಯೇ ತಿಳಿಸಿದ್ದ. ಆದರೂ ಹನಮೇಲ ಬಂದು ಅದೇ ಮಾತು ಆಡಿದ ಮೇಲೆಯೇ, ಇದು ಕರ್ತನ ಮಾತೆಂದು ಆಗ ತಿಳಿದುಕೊಂಡೆ ಎನ್ನುತ್ತಾನೆ ಯೆರೆಮೀಯ. ಪ್ರವಾದಿಗೇ ಖಾತ್ರಿಯಾಗಲು ಅಷ್ಟು ಹೊತ್ತು ಹಿಡಿಯಿತು. ದೇವರೇ ಹೇಳಿದ್ದಾನಲ್ಲ, ಕಾಗದ ಯಾಕೆ ಎಂದು ಅವನು ಕೇಳಿದನೇ? ಇಲ್ಲ. 17 ಶೆಕೆಲ್ ಬೆಳ್ಳಿ, ಈಗಿನ ತೂಕದಲ್ಲಿ ಸುಮಾರು 200 ಗ್ರಾಂ, ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆದು ಸಹಿ ಮಾಡಿದ, ಮುದ್ರೆ ಹಾಕಿದ, ಸಾಕ್ಷಿಗಳಿಂದ ಸಹಿ ಮಾಡಿಸಿದ. ಎರಡು ಪ್ರತಿ: ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಎಲ್ಲರ ಕಣ್ಣೆದುರು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡು ಅಂದ. ನಾನು ಬ್ಯಾಂಕಿನಲ್ಲಿ ಒಂದು ಕ್ರಯಪತ್ರದಲ್ಲಿ ಏನೇನು ಹುಡುಕುತ್ತಿದ್ದೆನೋ ಅದೆಲ್ಲ ಅಲ್ಲಿದೆ. ಕೊಟ್ಟ ಹಣದ ಲೆಕ್ಕ, ಸಾಕ್ಷಿ, ಮೂಲಪ್ರತಿ, ನಕಲು, ಭದ್ರವಾದ ಜಾಗ. ವಂಚಕ ಎಂದು ಯಾರೂ ಶಂಕಿಸದ ಸ್ವಂತ ದಾಯಾದಿಯ ಜೊತೆಗೇ ಇಷ್ಟೆಲ್ಲ.

ಇನ್ನೊಂದು ಸಂಗತಿಯನ್ನು ಬಹಳ ಪ್ರಸಂಗಗಳಲ್ಲಿ ಬಿಟ್ಟುಬಿಡುತ್ತಾರೆ. ಆ ಅಧ್ಯಾಯದಲ್ಲಿ ಯೆರೆಮೀಯನ ದೊಡ್ಡ ಪ್ರಾರ್ಥನೆ ಬರುವುದು ಪತ್ರ ಬಾರೂಕನ ಕೈಸೇರಿದ ಮೇಲೆ. 16ನೇ ವಚನ ನೋಡಿ. ಆ ಪ್ರಾರ್ಥನೆ ಮುಗಿಯುವುದಾದರೂ ಹೇಗೆ? ಪಟ್ಟಣ ಕಸ್ದೀಯರ (ಬಾಬೆಲಿನವರ) ಪಾಲಾಗುತ್ತಿದೆ, ನೀನು ನೋಡಿದರೆ ಹಣ ಕೊಟ್ಟು ಹೊಲ ಕೊಂಡುಕೋ ಅಂದೆಯಲ್ಲ ಎಂಬ ಕಳವಳದಲ್ಲಿ. ದೇವರ ಮಾತಿಗೆ ವಿಧೇಯನಾಗಿ ಸಹಿ ಹಾಕಿದವನಿಗೂ ಮನಸ್ಸು ತಿಳಿಯಾಗಿರಲಿಲ್ಲ.

ಇದನ್ನು ನಿಮ್ಮ ಯಜಮಾನರ ಸಲುವಾಗಿ ಹೇಳುತ್ತಿದ್ದೇನೆ. ಸಮಾಧಾನ ಇದ್ದರೆ ದೇವರ ಚಿತ್ತ, ಇಲ್ಲದಿದ್ದರೆ ಅಲ್ಲ ಎಂಬ ಲೆಕ್ಕ ನಮ್ಮಲ್ಲಿ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸಾಲದ ಕಾಗದಕ್ಕೆ ಸಹಿ ಹಾಕುವಾಗ ತುಂಬ ನೆಮ್ಮದಿಯಿಂದಿದ್ದ ಜನ ಆಮೇಲೆ ಮುಳುಗಿದ್ದನ್ನು ನೋಡಿದ್ದೇನೆ, ನಡುಗುತ್ತ ಸಹಿ ಹಾಕಿ ಒಳ್ಳೆಯ ಮನೆ ಮಾಡಿಕೊಂಡವರನ್ನೂ ನೋಡಿದ್ದೇನೆ. ಹಾಗಾಗಿ ನಿಮಗಾದ ಜುಮ್ಮೆನ್ನುವ ಸಂತೋಷವಾಗಲಿ, ಅವರ ಅಸಮಾಧಾನವಾಗಲಿ, ಅದೇ ಉತ್ತರವಲ್ಲ. ಎರಡಕ್ಕೂ ಕಾರಣ ಕೇಳಬೇಕು. ಅವರಿಗೆ ಯಾವುದು ಚುಚ್ಚುತ್ತಿದೆ? ಬೆಲೆಯೇ, ಊರಿನ ದೂರವೇ, ಮಾರುವವರ ಮಾತೇ, ಅಥವಾ 34 ವರ್ಷದ ಕೆಲಸ ನಿಂತುಹೋದ ಖಾಲಿತನವೇ? ನಿವೃತ್ತಿಯಾದ ಮೊದಲ ತಿಂಗಳುಗಳಲ್ಲಿ ಗಂಡಸರು ಬಹಳ ಜನ ಯಾವುದಕ್ಕೂ ಮನಸ್ಸು ಕೊಡುವುದಿಲ್ಲ. ಹಾಗಿದ್ದರೆ ಅದು ಮನೆಗೆ ಸಂಬಂಧವಿಲ್ಲದ ಅಸಮಾಧಾನ, ಕಾಲ ಕೊಟ್ಟರೆ ಇಳಿಯುತ್ತದೆ. ಆದರೆ ವರ್ಕ್‌ಶಾಪಿನಲ್ಲಿ ಬೋಲ್ಟು ಸಡಿಲವಾದದ್ದನ್ನು ಸದ್ದಿನಿಂದಲೇ ಗುರುತಿಸುತ್ತಿದ್ದ ಕಿವಿ ಅವರದು. ಏನೋ ಒಂದು ಸರಿಯಿಲ್ಲ ಎಂದು ಅವರು ಕಂಡಿದ್ದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗೆ ಜಾಗ ಮಾಡಿಕೊಡಿ. ನೀವು ವಚನ ಮುಂದೆ ಹಿಡಿದರೆ ಅವರು ಬಾಯಿ ತೆರೆಯುವುದಿಲ್ಲ. ದೇವರ ವಿರುದ್ಧ ಮಾತಾಡಿದ ಹಾಗಾಗುತ್ತದಲ್ಲ.

ನಾನು ಇದನ್ನು ಕಲಿತದ್ದು ಹಣ ಕೊಟ್ಟು. 1996ರಲ್ಲಿ ನಮ್ಮ ಸಭೆಯ ಒಬ್ಬರು ಒಂದು ಸಹಕಾರ ಸಂಘದಲ್ಲಿ 1,20,000 ರೂಪಾಯಿ ಸಾಲಕ್ಕೆ ಜಾಮೀನು ಕೇಳಿದರು. ಆರಾಧನೆ ಮುಗಿದಿತ್ತು, ವೆಸ್ಟ್ರಿಯ (ದೇವಾಲಯದ ಪಕ್ಕದ ಕೋಣೆಯ) ಬೆಂಚಿನ ಮೇಲೆ ಇಬ್ಬರೂ ಕಣ್ಣು ಮುಚ್ಚಿ ಪ್ರಾರ್ಥಿಸಿದೆವು. ತೊಡೆಯ ಮೇಲೆ ಕೀರ್ತನೆಯ ಪುಸ್ತಕ ಇಟ್ಟುಕೊಂಡು, ಅದರ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ನಾನು ಸಾಲ ವಿಭಾಗದ ಅಧಿಕಾರಿ! ಬೇರೆಯವರಾಗಿದ್ದರೆ ಅವರ ಆದಾಯದ ಪತ್ರ ನೋಡದೆ ಕಡತ ಮುಟ್ಟುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ ಅವರು ಊರು ಬಿಟ್ಟರು. ನನ್ನ ಸಂಬಳದಿಂದ ತಿಂಗಳು ತಿಂಗಳು ಕಡಿತ ಶುರುವಾಯಿತು, ಐದು ವರ್ಷ ನಡೆಯಿತು. ಮಗಳ ಕಾಲೇಜಿನ ಶುಲ್ಕಕ್ಕೆ ಹೆಂಡತಿಯ ಬಳೆ ಅಡವಿಟ್ಟೆ. ಜಾಮೀನಿಗೆ ಕೈಹಾಕಬೇಡ, ತೀರಿಸಲಾಗದಿದ್ದರೆ ಮಲಗುವ ಹಾಸಿಗೆಯನ್ನೂ ಎಳೆದೊಯ್ದಾರು ಎಂಬ ಅರ್ಥದ ಮಾತು ಜ್ಞಾನೋಕ್ತಿ 22ರಲ್ಲಿದೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಆಮೇಲೆ ಬಹಳ ದಿನ ಯೋಚಿಸಿದೆ, ಆ ಬೆಂಚಿನ ಮೇಲೆ ನಾನು ಪ್ರಾರ್ಥಿಸಿದ್ದೇನು? 'ಕರ್ತನೇ, ಈತನ ವ್ಯವಹಾರ ಆಶೀರ್ವದಿಸು' ಎಂದು. ಸಹಿ ಹಾಕಲೋ ಬೇಡವೋ ಎಂದು ಕೇಳಿರಲೇ ಇಲ್ಲ. ಅದನ್ನು ಮೊದಲೇ ತೀರ್ಮಾನ ಮಾಡಿಯಾಗಿತ್ತು. ನಮ್ಮ ಹಣಕಾಸಿನ ಪ್ರಾರ್ಥನೆಗಳಲ್ಲಿ ಬಹುಪಾಲು ಇದೇ ಜಾತಿಯವು: ತೀರ್ಮಾನ ನಮ್ಮದು, ಮುದ್ರೆ ದೇವರದು.

ವಚನ ಸಿಕ್ಕ ಮೇಲೆ ಸಂಶಯಪಡುವುದು ಅವಿಶ್ವಾಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಗಟ್ಟಿಯಾಗಿ ಹೇಳುತ್ತೇನೆ. ಆ ಸಹೋದರರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಯಾರದೋ ಹಣದ ವಿಷಯದಲ್ಲಿ 'ವಿಚಾರಿಸಬೇಡ, ನಂಬು' ಎಂಬ ಮಾತು ಎಲ್ಲಿ ಬಂತೋ ಅಲ್ಲಿ ನಿಲ್ಲಬೇಕು. 1990ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದ ಟ್ಯಾಂಪಾದಲ್ಲಿ ಗ್ರೇಟರ್ ಮಿನಿಸ್ಟ್ರೀಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ, ಕೊಡಿರಿ ನಿಮಗೂ ಕೊಡಲ್ಪಡುವುದು ಎಂಬ ಲೂಕ 6:38ನ್ನೇ ಮುಂದಿಟ್ಟು, ಕೊಟ್ಟ ಹಣ ಇಮ್ಮಡಿಯಾಗಿ ಬರುತ್ತದೆಂದು ಸಾವಿರಾರು ವಿಶ್ವಾಸಿಗಳಿಂದ ಕೋಟಿಗಟ್ಟಲೆ ಡಾಲರ್ ಎತ್ತಿತು. ಹೊಸಬರ ಹಣವನ್ನೇ ಹಳಬರಿಗೆ ಹಂಚುತ್ತಿದ್ದರು. 2001ರಲ್ಲಿ ಅದರ ಮುಖ್ಯಸ್ಥರು ಅಪರಾಧಿಗಳೆಂದು ತೀರ್ಪಾಯಿತು. ನಮ್ಮ ದೇಶದಲ್ಲೂ ಧರ್ಮದ, ಜಾತಿಯ, ಊರಿನ ನಂಟು ತೋರಿಸಿ ಹಣ ಎತ್ತಿದವರಿಗೆ ಕಡಿಮೆಯಿಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿ 2019ರಲ್ಲಿ ಕೇಂದ್ರ ಸರ್ಕಾರ ಕಾನೂನನ್ನೇ ತರಬೇಕಾಯಿತು. ನಿಮ್ಮದು ಅಂಥ ಯೋಜನೆಯಲ್ಲ, ಒಂದು ಮನೆ. ಆದರೆ ಒಳಗೆ ಕೆಲಸ ಮಾಡುವ ನಂಬಿಕೆಯ ಎಳೆ ಅದೇ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡವರ ಹತ್ತಿರ ಪತ್ರ ಕೇಳಲು ನಾಚಿಕೆಯಾಗುತ್ತದೆ. ಈ ವ್ಯವಹಾರದಲ್ಲಿ ನಿಮಗೇನಾದರೂ ಕಮಿಷನ್ ಇದೆಯೇ ಎಂದು ಆ ಸಹೋದರರನ್ನು ನೇರವಾಗಿ ಕೇಳಿ. ಇದ್ದರೆ ತಪ್ಪೇನಿಲ್ಲ, ಅದು ತಿಳಿದಿರಬೇಕು ಅಷ್ಟೆ. ತಿಳಿದ ಮೇಲೆ ಅವರ ಸಲಹೆಯ ತೂಕ ಬೇರೆಯಾಗುತ್ತದೆ.

ಅವಸರದ ಬಗ್ಗೆಯೂ ಒಂದು ಮಾತು. ಯೆರೂಸಲೇಮಿನ ಗೋಡೆ ಬಿದ್ದ ಸುದ್ದಿ ಪರ್ಷಿಯದ ರಾಜನ ಪಾನಸೇವಕನಾಗಿದ್ದ ನೆಹೆಮೀಯನಿಗೆ ಕಿಸ್ಲೇವ್ ತಿಂಗಳಲ್ಲಿ ಮುಟ್ಟಿತು; ರಾಜನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ನಡುವೆ ನಾಲ್ಕು ತಿಂಗಳು ಪ್ರಾರ್ಥನೆ. ರಾಜ ಕೇಳಿದ ಕ್ಷಣದಲ್ಲಿ ಅವನ ಬಳಿ ಎಲ್ಲ ಸಿದ್ಧವಿತ್ತು: ಎಷ್ಟು ದಿನ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರ ಯಾರಿಂದ. ಯೆರೂಸಲೇಮಿಗೆ ಹೋದ ಮೇಲೂ ಯಾರಿಗೂ ಹೇಳದೆ ರಾತ್ರಿ ಎದ್ದು ಗೋಡೆ ಸುತ್ತಿ ನೋಡಿದ. ನೀವೂ ಆ ಮನೆಯನ್ನು ಸಹೋದರರಿಲ್ಲದೆ ಹೋಗಿ ನೋಡಿ. ಸಂಜೆ ಏಳಕ್ಕೆ ಒಮ್ಮೆ, ಜೋರು ಮಳೆಯ ಮರುದಿನ ಒಮ್ಮೆ. ಪಕ್ಕದ ಮನೆಯವರನ್ನು ನೀರಿನ ಬಗ್ಗೆ ಕೇಳಿ, ಜಾಗದ ತಕರಾರಿನ ಬಗ್ಗೆಯೂ ಕೇಳಿ. ಪತ್ರದಲ್ಲಿ ಇಲ್ಲದ ಎಷ್ಟೋ ವಿಷಯ ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ.

ಇನ್ನು ಪತ್ರಗಳು. ಊರ ಹೊರಗಿನ ಬಡಾವಣೆ ಎಂದಿರಿ. ಅಲ್ಲಿ ಮೊದಲ ಪ್ರಶ್ನೆ: ಹೊಲವಾಗಿದ್ದ ನೆಲವನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆ ಮಾಡಿಸಿದ್ದಾರೆಯೇ? ಜಿಲ್ಲಾಧಿಕಾರಿಯ ಆದೇಶದ ಪ್ರತಿ ಕೇಳಿ. ಬಡಾವಣೆಯ ನಕ್ಷೆಗೆ ಅನುಮೋದನೆ ಇದೆಯೇ? ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ಫಾರ್ಮ್ 9 ಮತ್ತು 11ಎ ಬೇಕು. ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿ 'ಮುಂದೆ ಸರಿಯಾಗುತ್ತದೆ' ಅಂದರೆ, ಮುಂದೆ ಸರಿಯಾದ ಮೇಲೆ ಮಾತಾಡೋಣ ಎನ್ನಿ. ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಈಚಿನದು ಸಾಮಾನ್ಯವಾಗಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇಸಿಯಲ್ಲಿ ಸಾಲ ಕಾಣದಿದ್ದರೆ ಸಾಲವೇ ಇಲ್ಲ ಎಂದರ್ಥವಲ್ಲ. ನೋಂದಣಿಯಾಗದ ಕರಾರು, ಕೋರ್ಟಿನ ದಾವೆ, ಅಣ್ಣತಮ್ಮಂದಿರ ಪಾಲಿನ ಜಗಳ ಅದರಲ್ಲಿ ಕಾಣದೇ ಇರಬಹುದು. ಅದಕ್ಕೇ ಮೂಲಪತ್ರ ಕೈಯಲ್ಲಿ ಹಿಡಿದು ನೋಡಬೇಕು. ಒಮ್ಮೆ ನನ್ನ ಮೇಜಿನ ಮುಂದೆ ಕೂತ ದಂಪತಿ ಅಚ್ಚುಕಟ್ಟಾದ ಕಡತ ತಂದಿದ್ದರು, ಎಲ್ಲ ಝೆರಾಕ್ಸ್. ಒಂದು ಹಾಳೆಯ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಮಸುಕಾದ ಗುರುತು. ಬೆಳಕಿಗೆ ಹಿಡಿದು ನೋಡಿದರೆ ಒಂದು ಸೊಸೈಟಿಯ ರಬ್ಬರ್ ಮುದ್ರೆಯ ಅಂಚು. ಮೂಲಪತ್ರ ಅಲ್ಲಿ ಅಡವಿತ್ತು. ಆ ಹೆಂಗಸು ಪರ್ಸಿನಿಂದ ಸಣ್ಣ ಹೊಸ ಒಡಂಬಡಿಕೆ ತೆಗೆದು, ಕಣ್ಣು ಮುಚ್ಚಿ ಎದೆಗೊತ್ತಿಕೊಂಡು ಸ್ತೋತ್ರ ಅಂದರು. ಅವರ ಪ್ರಾರ್ಥನೆಗೆ ಉತ್ತರ ಬಂದದ್ದು ಆ ರಬ್ಬರ್ ಮುದ್ರೆಯ ಅಂಚಿನಲ್ಲಿ ಎಂದು ನಾನು ಪೂರ್ತಿಯಾಗಿ ನಂಬುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಲಿ ಎಂದು ಯಾಕೋಬ ಬರೆದನಲ್ಲ. ಜ್ಞಾನ ಕೊಡುತ್ತಾನೆ ಎಂದಿದ್ದಾನೆ, ಮನೆ ನಂಬರ್ ಹೇಳುತ್ತಾನೆ ಎಂದಿಲ್ಲ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಪತ್ರಗಳೆಲ್ಲ ಸರಿಯಿದ್ದರೆ ಈ ಮನೆ ಕೊಳ್ಳಬಹುದು. ಪಿಂಚಣಿ ಇರುವುದರಿಂದ ಅದು ಹುಚ್ಚು ಸಾಹಸವಲ್ಲ, ಮಗ ಹೆದರಿಸುವಷ್ಟು ಅಪಾಯವೂ ಅಲ್ಲ. ಆದರೆ ಲೆಕ್ಕ ನೋಡಿ. 36 ಲಕ್ಷದ ಮನೆಗೆ ಮುದ್ರಾಂಕ, ನೋಂದಣಿ ಶುಲ್ಕವೆಂದು ಎರಡೂವರೆ ಲಕ್ಷ ದಾಟುತ್ತದೆ. ವಕೀಲರು, ಸುಣ್ಣಬಣ್ಣ, ಸಾಮಾನು ಸಾಗಣೆ ಸೇರಿ 40 ಲಕ್ಷ ಹಿಡಿಯಿರಿ. ಉಳಿಯುವುದು 2 ಲಕ್ಷ. ನಿಮ್ಮ ಯಜಮಾನರ ನಂತರ ನಿಮಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಅವರ ಕೊನೆಯ ಮೂಲ ವೇತನದ ಶೇ. 30ಕ್ಕೆ ಇಳಿಯುತ್ತದೆ. ಆ ದಿನ ಬಾರದಿರಲಿ, ಬಂದರೆ ಗೋಡೆ ಇರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಕೊಳ್ಳುವುದಾದರೆ ಇಬ್ಬರ ಹೆಸರಿನಲ್ಲೂ ನೋಂದಣಿ ಮಾಡಿಸಿ. ಇದನ್ನು ಹೇಳುವಾಗ ಬಹಳ ಹೆಂಗಸರು 'ಅವರ ಹೆಸರಲ್ಲೇ ಇರಲಿ' ಎಂದು ಹಿಂಜರಿಯುತ್ತಾರೆ. ಹಿಂಜರಿಯಬೇಡಿ.

ನನಗೆ ಹೆಚ್ಚು ಹಿಡಿಸುವ ದಾರಿ ಬೇರೆಯದು. ಮಗ ಒಪ್ಪಿದರೆ ಅವನನ್ನು ಸೇರಿಸಿಕೊಂಡು 10-12 ಲಕ್ಷ ಗೃಹಸಾಲಕ್ಕೆ ಅರ್ಜಿ ಹಾಕಿ. ಅಷ್ಟು ಹಣ ಕೈಯಲ್ಲಿ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಬ್ಯಾಂಕಿನ ವಕೀಲರು ನಿಮ್ಮ ಪತ್ರಗಳನ್ನು ತಮ್ಮ ಹಣ ಉಳಿಸಿಕೊಳ್ಳುವ ಕಣ್ಣಿನಿಂದ ನೋಡುತ್ತಾರೆ. ಬ್ಯಾಂಕು ಸಾಲ ಕೊಡಲೊಲ್ಲದ ಮನೆಗೆ ನೀವು 36 ಲಕ್ಷ ಯಾಕೆ ಕೊಡಬೇಕು? ಆದರೆ ಕಂತಿನ ಭಾರ ಮಗನ ಮೇಲೂ ಬೀಳುತ್ತದೆ, ಅವನಿಗೂ ಸಂಸಾರವಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು, ಊರಿಗೆ ಕರೆಸಿ ಕೂತು ಕೇಳಿ.

ಬಾಡಿಗೆ ಮನೆಯಲ್ಲಿ ಒಂದು ವರ್ಷ ಕಳೆಯುವುದೂ ಒಂದು ದಾರಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ. ತೆರಿಗೆ ಲೆಕ್ಕ ಬೇರೆ. ಆದರೆ ಒಂದು ವರ್ಷದೊಳಗೆ ಮುರಿದರೆ ಬಡ್ಡಿ ಸಿಗುವುದಿಲ್ಲ. ಹಾಗಾಗಿ ಬೇಗ ಮನೆ ಕೊಳ್ಳುವ ಯೋಚನೆಯಿದ್ದರೆ ಅಲ್ಲಿಗೆ ಹಾಕಬೇಡಿ, ಬ್ಯಾಂಕಿನ ಅಲ್ಪಾವಧಿ ಠೇವಣಿ ಸಾಕು. ಒಂದೇ ಬ್ಯಾಂಕಿನಲ್ಲಿ ಎಲ್ಲ ಇಡಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ಮಾತ್ರ. ಈ ದಾರಿಯ ಅಪಾಯ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಕೈಯಲ್ಲಿ ಕಾಣುವ ಹಣಕ್ಕೆ ಕೇಳುವವರು ಹೆಚ್ಚು. ಮದುವೆಗೆ, ಆಟೋ ಕೊಳ್ಳಲು, ಸಭಾಭವನಕ್ಕೆ. ಇಲ್ಲ ಅನ್ನಲು ಬಾರದ ಸ್ವಭಾವ ನಿಮ್ಮ ಮನೆಯಲ್ಲಿದ್ದರೆ ಒಂದು ವರ್ಷದಲ್ಲಿ 42 ಲಕ್ಷ 35 ಆಗಿರುತ್ತದೆ.

ಹಾಗಾದರೆ ಪ್ರಾರ್ಥನೆ ಏತಕ್ಕೆ? ನನ್ನ ಅನುಭವದಲ್ಲಿ ಪ್ರಾರ್ಥನೆ ಮೊದಲು ಕೆಲಸ ಮಾಡುವುದು ನಮ್ಮ ಮುಷ್ಟಿಯ ಮೇಲೆ. ಈ ಮನೆ ಸಿಗಲೇಬೇಕು ಎಂದು ಬಿಗಿ ಹಿಡಿದ ಮುಷ್ಟಿ ಸಡಿಲವಾಗುವವರೆಗೆ ಪತ್ರದಲ್ಲಿ ಬರೆದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಜೆಸ್ಯೂಟ್ ಸಂಘ ಸ್ಥಾಪಿಸಿದ 16ನೇ ಶತಮಾನದ ಲೊಯೋಲದ ಇಗ್ನೇಷಿಯಸ್ ಇದಕ್ಕೆ ತಕ್ಕಡಿಯ ಮುಳ್ಳಿನ ಹೋಲಿಕೆ ಕೊಟ್ಟರು: ತೂಕ ಹಾಕುವ ಮೊದಲು ಮುಳ್ಳು ನಡುವೆ ನಿಂತಿರಬೇಕು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಳೆಯ ತೀರ್ಮಾನ ಬದಲಿಸಬೇಡ ಅಂದರು. ಗುರುತು ಪರಿಚಯವಿಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ನೀನು ಏನು ಸಲಹೆ ಕೊಡುತ್ತೀ, ಅದನ್ನೇ ನೀನೂ ಮಾಡು ಅಂದರು. ನಾವು ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯವರು, ಅವರು ಕಥೋಲಿಕರು. ಆದರೂ ಈ ಮೂರು ಮಾತುಗಳನ್ನು ಸಭೆಯ ಹಲವು ಕುಟುಂಬಗಳಿಗೆ ಕೊಟ್ಟಿದ್ದೇನೆ, ಕೆಲಸಕ್ಕೆ ಬಂದಿವೆ.

ನೀವಿಬ್ಬರೂ ಹೀಗೆ ಮಾಡಿ. ಎರಡು ವಾರ, ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಒಟ್ಟಿಗೆ. ಮೊದಲ ವಾರ ಮನೆಯನ್ನು ಕೇಳಬೇಡಿ. 'ಕರ್ತನೇ, ಇದು ಸಿಗದಿದ್ದರೂ ನಮಗೆ ನೀನು ಸಾಕು' ಎಂದು ಹೇಳಲು ನಾಲಿಗೆ ಏಳುತ್ತದೆಯೇ ನೋಡಿ. ಏಳದಿದ್ದರೆ ಅದನ್ನೇ ಅವನಿಗೆ ಹೇಳಿ. ಎರಡನೇ ವಾರ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕಾಣದಿರುವುದನ್ನು ಕಾಣಿಸು ಎಂದು ಬೇಡಿ. ಒಂದು ರಾತ್ರಿ ನೀವು ಮನೆ ಬೇಡ ಎನ್ನುವ ಕಾರಣಗಳನ್ನು ಬರೆಯಿರಿ, ಅವರು ಬೇಕು ಎನ್ನುವ ಕಾರಣಗಳನ್ನು ಬರೆಯಲಿ. ಸಭಾಪಾಲಕರಿಗೂ ತಿಳಿಸಿ, ಆದರೆ ತೀರ್ಮಾನ ಅವರ ಬಾಯಿಂದ ಬರಿಸಬೇಡಿ. ಮುಂದೆ ಮನೆ ಸೋರಿದರೆ ಅವರನ್ನು ನೋಡುವ ಕಣ್ಣು ಬದಲಾಗುತ್ತದೆ.

ದಶಮಾಂಶದ ಪ್ರಶ್ನೆ. ಪಿಎಫ್‌ನಲ್ಲಿ ಸೇರಿದ್ದು ನಿಮ್ಮ ಸಂಬಳದ್ದೇ ಭಾಗ. ಅಷ್ಟು ವರ್ಷ ಪೂರ್ತಿ ಸಂಬಳದ ಮೇಲೆ ದಶಮಾಂಶ ಕೊಡುತ್ತ ಬಂದಿದ್ದರೆ ಆ ಮೊತ್ತದ ಮೇಲೆ ಮತ್ತೆ ಕೊಡಲೇಬೇಕು ಎಂದು ನಾನು ಹೇಳುವುದಿಲ್ಲ. ಬಡ್ಡಿ, ಗ್ರಾಚ್ಯುಟಿಯ ಮೇಲೆ ಕೃತಜ್ಞತೆಯಿಂದ ಕೊಡುವವರಿದ್ದಾರೆ, ಸಂತೋಷ. ಒಬ್ಬೊಬ್ಬನೂ ತನ್ನ ಹೃದಯದಲ್ಲಿ ನಿಶ್ಚಯಿಸಿದಂತೆ ಕೊಡಲಿ, ಒತ್ತಾಯದಿಂದಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 9ನೇ ಅಧ್ಯಾಯದಲ್ಲಿದೆ. ಒಂದನ್ನು ಮಾತ್ರ ಮಾಡಬೇಡಿ. ಮನೆಯ ವ್ಯವಹಾರ ಸುಸೂತ್ರವಾಗಲಿ ಎಂದು ಮುಂಚಿತವಾಗಿ ಕೊಡಬೇಡಿ. ದೇವರಿಗೆ ನೋಂದಣಿ ಶುಲ್ಕವಿಲ್ಲ.

ಕೊನೆಗೆ ನೀವು ಕಳಿಸಿದ ಝೆರಾಕ್ಸ್. ಎರಡು ಸಲ ಓದಿದೆ. 30-40 ಅಳತೆ ಇದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿದೆ. ಮುಂಗಡ 5 ಲಕ್ಷ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆ. ವ್ಯವಹಾರ ಮುರಿದರೆ ಆ ಹಣ ಎಷ್ಟು ದಿನದಲ್ಲಿ ವಾಪಸ್ ಎಂಬ ಸಾಲೇ ಇಲ್ಲ. ಎರಡನೇ ಪುಟದಲ್ಲಿ 'ಖಾತಾ ಸಂಖ್ಯೆ' ಎಂದು ಅಚ್ಚಾಗಿದೆ, ಮುಂದೆ ಚುಕ್ಕಿಗಳು ಮಾತ್ರ. ಭಾನುವಾರ ಆರಾಧನೆ ಮುಗಿದ ಮೇಲೆ ಆ ಸಹೋದರರು ಸಿಗುತ್ತಾರಲ್ಲ, ಈ ಪುಟವನ್ನು ಅವರ ಕೈಗೆ ಕೊಡಿ. ಚುಕ್ಕಿಗಳ ಜಾಗದಲ್ಲಿ ಸಂಖ್ಯೆ ಬರೆಸಿಕೊಂಡು ಬರಲಿ, ಜೊತೆಗೆ ಮೂಲಪತ್ರವನ್ನು ಮಾರುವವರೇ ತಂದು ತೋರಿಸಲಿ. ಅವರು ತಂದರೆ ನನಗೆ ಬರೆಯಿರಿ, ಬ್ಯಾಂಕಿಗೆ ಅರ್ಜಿ ಹಾಕುವ ಮೊದಲು ಒಟ್ಟಿಗೆ ಕೂತು ಓದೋಣ.